ಹೋಲಿಕೆಗೆ ಒಬ್ಬಳು ಬೇಕು

ಮಾರ್ಚ್ 4

ಒಗೆಯೋಕೆ ಬಂದ ಲಾಡ್ಜಿನ ಬೆಡ್‌ಶೀಟ್ ನಲವತ್ತೆರಡು, ದಿಂಬಿನ ಕವರ್ ಎಂಬತ್ತಮೂರು. ಜೋಡಿ ತಪ್ಪಿದ್ದು ಎಲ್ಲಿ ಹೋಯಿತೋ. ಮಧ್ಯಾಹ್ನದಿಂದ ಮತ್ತೆ ಜ್ವರ, ಕೆಮ್ಮು. ಜನವರಿಯಲ್ಲಿ ಸರ್ಪಸುತ್ತು, ಫೆಬ್ರವರಿಯಲ್ಲಿ ಕಫ, ಈಗ ಇದು. ಮಾತ್ರೆ ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಕಾರಣ ಏನು ಅಂತ ಕೇಳದೆ ಬಿಡೋಳಲ್ಲ ನಾನು. ನಾಳೆ ಆಸ್ಪತ್ರೆ.

ಮಾರ್ಚ್ 5

ಡಾಕ್ಟರಮ್ಮ ರಿಪೋರ್ಟ್ ತೋರಿಸಿದರು. ಎಚ್‌ಐವಿ ವೈರಸ್ ಈಗ ಯಂತ್ರದ ಕಣ್ಣಿಗೂ ಬೀಳದಷ್ಟು ಕಡಿಮೆ.

"ಮತ್ತೆ ಬೀದಿ ಕೆಮ್ಮೆಲ್ಲ ನನ್ನ ಎದೆಗೇ ಯಾಕೆ ಬರುತ್ತೆ ಡಾಕ್ಟ್ರೇ?"

"ವೈರಸ್ ಅಡಗಿದೆ. ಆದರೆ ರಕ್ತದಲ್ಲಿ ನಿಮ್ಮ ಮೈ ಕಾಯೋರು, ಆ ಬಿಳಿ ಕಣಗಳು, ಇನ್ನೂ ಕೂಗಾಡ್ತಾನೇ ಇದಾರೆ. ಕೂಗಿ ಕೂಗಿ ಸುಸ್ತಾಗಿ, ನಿಜವಾದ ಕಳ್ಳ ಬಂದಾಗ ತೂಕಡಿಸ್ತಾರೆ."

ಥೇಟ್ ನಮ್ಮ ಬೀದಿ ವಾಚ್‌ಮನ್.

ಯಾಕೆ ಹೀಗೆ ಅಂತ ಅವರಿಗೂ ಪೂರ್ತಿ ಗೊತ್ತಿಲ್ಲವಂತೆ. ಅಧ್ಯಯನ ಶುರುವಾಗ್ತಿದೆ — ಎರಡು ವರ್ಷ, ಮೂರು ತಿಂಗಳಿಗೊಮ್ಮೆ ರಕ್ತ. ಸೇರ್ತೀನಿ ಅಂದೆ. ಷರತ್ತಿದೆ. ಹೋಲಿಸಿ ನೋಡೋಕೆ ವೈರಸ್ ಇಲ್ಲದ ಒಬ್ಬಳನ್ನು ಕರೆತರಬೇಕು. ನನ್ನದೇ ವಯಸ್ಸು, ಅದೇ ಮನೆಯೂಟ, ಅದೇ ದುಡಿಮೆ. ಎಲ್ಲ ತಿಳಿದು ಒಪ್ಪಿ ಬರಬೇಕು. ಸೇರೋಕೆ ಇದೇ ಇಪ್ಪತ್ತನೇ ತಾರೀಕು ಕೊನೆ.

ಹಾಗಿರೋಳು ಒಬ್ಬಳೇ — ನನ್ನ ವಾರಗಿತ್ತಿ. ಒಂದೇ ಅಡುಗೆಮನೆ, ಒಂದೇ ಲಾಂಡ್ರಿ, ಒಂದೇ ಹಬೆ. ವಯಸ್ಸು ಕೇಳಿದರೆ ನನಗಿಂತ ಆರು ವರ್ಷ ಚಿಕ್ಕವಳು ಅಂತಾಳೆ; ಅವಳ ಮೊಣಕಾಲು ಬೇರೆ ಹೇಳುತ್ತೆ. ಅವಳ ಪಾಲಿಗೆ ನಾನು ನುಂಗೋದು ಥೈರಾಯ್ಡ್ ಮಾತ್ರೆ. ನಿಜ ಕೇಳಿ ಮುಖ ತಿರುಗಿಸಿದರೆ ಅಂಗಡಿ, ಅಡುಗೆಮನೆ ಎರಡೂ ಎರಡು ಪಾಲು.

ಮಾರ್ಚ್ 9

ಅವಳಿಗೆ ಹೇಳೋಕೆ ಇವತ್ತೂ ಬಾಯೇ ಬರಲಿಲ್ಲ. ಲಾಡ್ಜ್ ಮ್ಯಾನೇಜರನ್ನು ಮಾತಲ್ಲೇ ಒಗೆದು ಹಿಂಡಿ ಒಣಹಾಕೋಳು ನಾನು!

"ಏನಕ್ಕ, ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ತಪಸ್ಸಾ? ಶರ್ಟ್ ಸುಡ್ತಿದೆ," ಅಂದಳು ವಾರಗಿತ್ತಿ.

ಸುಟ್ಟಿತ್ತು. ಜೇಬಿನ ಹತ್ತಿರ.

ಮಾರ್ಚ್ 11

ಹೇಳಿಬಿಟ್ಟೆ. ಡಬಲ್ ಬೆಡ್‌ಶೀಟ್ ಮಡಚುವಾಗ — ಆ ತುದಿ ಅವಳು, ಈ ತುದಿ ನಾನು. ಅರ್ಧಕ್ಕೆ ಬಿಟ್ಟು ಹೋಗೋಳಲ್ಲ ಅಂತ ಲೆಕ್ಕ ಹಾಕಿಯೇ. ಕಾಯಿಲೆ, ಮಾತ್ರೆ, ಅಧ್ಯಯನ, ಎಲ್ಲ. ಹತ್ತಿರ ಬಂದಳು. ತುದಿಗಳನ್ನು ನನ್ನ ಕೈಗಿಟ್ಟಳು. ಒಳಗೆ ಹೋದಳು.

ಮಾರ್ಚ್ 14

ದೊಡ್ಡ ಶೀಟನ್ನೂ ಮೇಜಿನ ಮೇಲೆ ಒಬ್ಬಳೇ ಮಡಚ್ತಾಳೆ, ಸೊಟ್ಟಸೊಟ್ಟ. ನನ್ನ ಲೋಟ ಬೇರೆ ಗೂಡಿಗೆ ಹೋಗಿತ್ತು. ತಂದು ಅದರ ಜಾಗಕ್ಕೇ ಇಟ್ಟೆ. ಸಂಜೆಗೆ ಮತ್ತೆ ಗೂಡಲ್ಲಿ. ಮತ್ತೆ ತಂದಿಟ್ಟೆ. ಇದರಲ್ಲಿ ಸೋಲೋ ಪೈಕಿ ಅಲ್ಲ ನಾನು.

ಮಾರ್ಚ್ 18

ಲೋಟ ಅಲುಗಲಿಲ್ಲ. ಹತ್ತು ಗಂಟೆಗೆ ಎದುರು ಬಂದು ನಿಂತಳು.

"ನಿನ್ನೆ ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬಂದೆ. ಲೋಟದಿಂದ ಬರಲ್ವಂತೆ. ಅದು ನನ್ನ ದಡ್ಡತನ. ಹನ್ನೊಂದು ವರ್ಷ ಥೈರಾಯ್ಡ್ ಅಂತ ನನ್ನ ಕಿವಿ ಮೇಲೆ ಹೂ ಇಟ್ಯಲ್ಲ, ಅದು ನಿನ್ನ ಕಳ್ಳತನ."

"ಹೂಂ."

"ಹೂಂ ಅಂತೆ!" ಗುರುತಿನ ಚೀಟಿ ಮೇಜಿನ ಮೇಲೆ ಬಡಿದಳು. "ವಯಸ್ಸು ಹೊಂದುತ್ತಾ, ಹುಟ್ಟಿದ ದಿನ ನೋಡ್ಕೋ. ಜೋರಾಗಿ ಓದ್ಬೇಡ."

ನನಗಿಂತ ನಾಲ್ಕು ತಿಂಗಳು ದೊಡ್ಡವಳು! ಇಪ್ಪತ್ತೆರಡು ವರ್ಷದಿಂದ ಬಾಯಿತುಂಬ ಅಕ್ಕ ಅಂತಿದಾಳೆ.

"ಮನೇಲಿ ನನ್ನ ವಯಸ್ಸು ಯಾರ ಹತ್ರನಾದ್ರೂ ಬಾಯ್ಬಿಟ್ಟೆ ಅಂದ್ರೆ ನೋಡು."

"ನೀನೂ ಅಷ್ಟೇ."

ಮಾರ್ಚ್ 20, ಬೆಳಿಗ್ಗೆ 9.40

ಆಸ್ಪತ್ರೆ. ಅವಳ ಟೆಸ್ಟ್ ಆಯ್ತು, ವೈರಸ್ ಇಲ್ಲ. ಸಹಿಯೂ ಹಾಕಿದಳು. ಸೂಜಿ ಕಂಡರೆ ಅವಳ ಜೀವ ಬಾಯಿಗೆ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು. ನರ ಸಿಗ್ತಿಲ್ಲ. ಎರಡು ಸಲ ಚುಚ್ಚಿಯಾಯ್ತು.

"ಬೇಡ ಅನ್ಸಿದ್ರೆ ಈಗ್ಲೂ ಎದ್ದು ಹೋಗ್ಬಹುದಮ್ಮ," ಅಂದರು ನರ್ಸ್.

ನಾನು ಅವಳ ಕಾಲನ್ನೇ ನೋಡಿದೆ, ಎದ್ದಾಳೋ ಅಂತ.

"ಈ ತೋಳು ನೋಡ್ರಿ," ಅಂತ ಇನ್ನೊಂದನ್ನು ಚಾಚಿದಳು. ನನ್ನ ಕಡೆ ತಿರುಗಿ, "ಇನ್ನೂ ಎಷ್ಟು ಸಲ ಇದೆ ಈ ಕರ್ಮ?"

"ಎಂಟು."

"ನಿನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ. ಕೈ ಹಿಡ್ಕೋ."

ಬಲಗೈ ಕೊಟ್ಟಿದ್ದೀನಿ. ಎಡಗೈಯಲ್ಲಿ ಗೀಚ್ತಿದೀನಿ, ಅಕ್ಷರ ದಿಕ್ಕಾಪಾಲು. ಒದ್ದೆ ಟವೆಲ್ ಹಿಂಡೋ ಹಾಗೆ ಹಿಂಡ್ತಿದಾಳೆ. ರಕ್ತ ಬಂತು... ಎರಡನೇ ಟ್ಯೂಬ್. ನನ್ನ ನಂಬರ್ ಕೂಗ್ತಿದಾರೆ. ಇವಳು ಕೈ ಬಿಟ್ಟರೆ ತಾನೇ ನಾನು —