ಮರಳು ಕಾಯಿಸುವವಳ ಅರ್ಜಿ

ಮಾರ್ಚ್ ೯, ಭಾನುವಾರ

ಅಕ್ಕನಿಗೆ ನಿನ್ನ ಗುಬ್ಬಿಯ ನಮಸ್ಕಾರ.

ನಾವಿಬ್ಬರೂ ಕ್ಷೇಮ. ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಾದರೆ ನಾನು ಅತ್ತದ್ದು ನಿನಗೆ ಕೇಳಿಸಿಬಿಡುತ್ತೆ. ಕಾಗದವಾದರೆ ನಡುವೆ ಎದ್ದು ಹೋಗಿ ಮುಖ ತೊಳೆದು ಬಂದರೂ ನಿನಗೆ ಗೊತ್ತಾಗುವುದಿಲ್ಲ. ಭಾವನ ಮಂಡಿನೋವು ಹೇಗಿದೆ? ಮಗಳ ಪರೀಕ್ಷೆ ಮುಗಿಯಿತೇ?

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಸರ್ಕಾರದ ಸಂಶೋಧನಾ ಅನುದಾನ ನನಗೆ ಸಿಗಲಿಲ್ಲ. ಮೂವತ್ತೈದು ತುಂಬದವರಿಗೆ ಮಾತ್ರ ಇರುವ ಯೋಜನೆ ಅದು. ಜೂನ್ ಬಂದರೆ ನನಗೆ ಮೂವತ್ತೈದು. ಅಲ್ಲಿಗೆ ಮುಗಿಯಿತು.

ನಮ್ಮ ಡ್ರಮ್ಮನ್ನು ನೀನು ಒಂದೇ ಸಲ ನೋಡಿದ್ದೆ. ಲಾಂಡ್ರಿಯ ಹಿಂದಿನ ಶೆಡ್ಡಿನಲ್ಲಿ ಆಳೆತ್ತರ ನಿಂತಿತ್ತಲ್ಲ, ಹೊಟ್ಟೆ ತುಂಬ ಮರಳು ತುಂಬಿಕೊಂಡು, ಕಾವು ಸೋರದ ಹಾಗೆ ಮೈತುಂಬ ಗಾಜಿನ ಉಣ್ಣೆ ಹೊದ್ದುಕೊಂಡು. ಹಗಲು ಸೋಲಾರಿನ ಕರೆಂಟಿನಲ್ಲಿ ಮರಳು ಕಾಯುವುದು, ಬಿಸಿಲು ಹೋದ ಮೇಲೆ ಆ ಕಾವಿನಲ್ಲೇ ಲಾಂಡ್ರಿಯ ನೀರು ಕುದಿಯುವುದು. ಕೆಲಸ ಇಷ್ಟೇ. ಅದು ಬಿಸಿಯಾಗಲು ದಿನಗಟ್ಟಲೆ ಬೇಕು ಅಂತ ಲಾಂಡ್ರಿಯವರು ಕುಂಭಕರ್ಣ ಅಂತ ಹೆಸರಿಟ್ಟಿದ್ದರು. ಎಬ್ಬಿಸೋದು ಕಷ್ಟ, ಎದ್ದರೆ ಮಲಗಿಸೋದು ಇನ್ನೂ ಕಷ್ಟ ಅಂತ ನಗುತ್ತಿದ್ದರು. ಮೋಡ ಮುಸುಕಿದ ಒಂದು ವಾರದಲ್ಲಿ ಬೇರೆಯವರ ಬಾಯ್ಲರೆಲ್ಲ ಡೀಸೆಲ್ ಕುಡಿಯುತ್ತಿದ್ದಾಗ ಇದು ಸುಮ್ಮನೆ ನಿಂತು ಹಬೆ ಕೊಟ್ಟಿತು. ಅವತ್ತೇ ನಾನು ನಿಶ್ಚಯ ಮಾಡಿದ್ದು, ಇದನ್ನು ಒಂದು ಇಡೀ ಆಸ್ಪತ್ರೆಗೆ ಸಾಲುವಷ್ಟು ದೊಡ್ಡದು ಮಾಡಬೇಕು ಅಂತ.

ಅರ್ಜಿಗೆ ನಮ್ಮ ಸಂಸ್ಥೆಯ ನಿರ್ದೇಶಕರ ಮೊಹರು ಬೇಕಿತ್ತು. ಅವರು ಇವತ್ತು ಬಾ ನಾಳೆ ಬಾ ಅಂತ ಸತಾಯಿಸಿ, ಕಡೆಗೆ ಕಡತ ತಿರುವಿ ಹಾಕುತ್ತ, ಕೋಣೆ ತುಂಬ ಜನ ಇದ್ದ ಹೊತ್ತು ನೋಡಿ ಹೇಳಿದರು, "ಮರಳು ಕಾಯಿಸೋಕೆ ಸರ್ಕಾರದ ದುಡ್ಡು ಯಾಕಮ್ಮಾ? ಬಿಸಿಲಿಗೆ ಹರಡಿದ್ರೆ ಕಾಯುತ್ತಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊಹರು ಬೇಕಿತ್ತಲ್ಲ.

ಅರ್ಜಿ ಕಳಿಸಿದ ಮೇಲೆ ನಿನಗೆ ಫೋನ್ ಮಾಡಿ, ನೀನು ದೊಡ್ಡಮ್ಮ ಆಗ್ತೀಯ ಅಂದಿದ್ದೆ. ನೀನು ಅಲ್ಲೇ ಅತ್ತುಬಿಟ್ಟಿದ್ದೆ. ಈಗ ನಾನು ಬರೆಯಬೇಕಾದ ಮಾತು ಹೇಗೆ ಬರೆದರೂ ಅಷ್ಟೇ. ಆ ಮಗು ನಿಲ್ಲಲಿಲ್ಲ ಅಕ್ಕ.

ಸಂದರ್ಶನದ ಹಿಂದಿನ ವಾರ ಶೆಡ್ಡಿನಲ್ಲೇ ನೋವು ಶುರುವಾಯಿತು. ನಾನೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. "ನೀನು ಭಾರ ಎತ್ತಿದ್ದಕ್ಕಲ್ಲ, ಓಡಾಡಿದ್ದಕ್ಕಲ್ಲ, ಕೆಲವು ಸಲ ಹೀಗಾಗುತ್ತೆ" ಅಂದರು ಡಾಕ್ಟರಮ್ಮ. ನಂಬಿದೆ. ನಂಬದೆ ಇನ್ನೇನು ಮಾಡಲಿ. ಇವರು ದೂರದಲ್ಲಿ ಗಾಳಿಯಂತ್ರಗಳ ರಿಪೇರಿಗೆ ಹೋಗಿದ್ದರು. ಅಷ್ಟೆತ್ತರ ಹತ್ತುವ ಮನುಷ್ಯನಿಗೆ ಫೋನಿನಲ್ಲಿ ಹೇಳಿ ತಲೆ ತಿರುಗಿಸುವುದು ಬೇಡ, ಬಂದ ಮೇಲೆ ಮುಖ ನೋಡಿ ಹೇಳೋಣ ಅಂತ ಬಸಿರಾದದ್ದನ್ನೇ ನಾನು ಹೇಳಿರಲಿಲ್ಲ. ಹೋದದ್ದನ್ನು ಹೇಗೆ ಹೇಳಲಿ?

ಸಂದರ್ಶನಕ್ಕೆ ಇನ್ನೊಂದು ತಾರೀಖು ಕೊಡುವುದಿಲ್ಲ ಅಂದರು. ಹೋದೆ. ಉದ್ದ ಮೇಜಿನ ಆಚೆ ಐದು ಜನ, ಈಚೆ ನಾನು. ನಿಜ ಹೇಳಬೇಕೆಂದರೆ ಶುರುವಿನಲ್ಲಿ ಚೆನ್ನಾಗಿಯೇ ಆಯಿತು. ಕಾವು ಎಷ್ಟು ಸೋರುತ್ತೆ, ಮರಳು ಗಟ್ಟಿಯಾದರೆ ಏನು ಗತಿ, ಎಲ್ಲ ಕೇಳಿದರು, ಎಲ್ಲ ಹೇಳಿದೆ. ಒಬ್ಬರು ಮುಂದೆ ಬಾಗಿ ನನ್ನ ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನನ್ನ ಜೀವಕ್ಕೆ ಜೀವ ಬಂತು. ಆಗ ಅಧ್ಯಕ್ಷರು ನಗುನಗುತ್ತಲೇ ಕೇಳಿದರು.

"ಎಲ್ಲ ಸರಿ ಅಮ್ಮಾ, ಹೆರಿಗೆ ಯಾವಾಗ?"

ನಾನು ಎಲ್ಲೂ ಬರೆದಿರಲಿಲ್ಲ. ನೋಡಿದರೆ ತಿಳಿಯುವ ಹಾಗೂ ಇರಲಿಲ್ಲ. "ಮಗು ಇಲ್ಲ ಸರ್, ಹೋದ ವಾರ ಹೋಯಿತು" ಅಂದೆ.

ಛೆ ಛೆ ಅಂದರು. ಲೋಟಕ್ಕೆ ನೀರು ಬಗ್ಗಿಸಿ ನನ್ನ ಮುಂದೆ ಸರಿಸಿದರು. ಆಮೇಲೆ ಪಕ್ಕದವರ ಕಡೆ ತಿರುಗಿ, ಹಾಗಾದರೆ ಆ ಅಡ್ಡಿ ಇಲ್ಲ ಅಂತಾಯಿತು ಅಂದರು. ನನಗೆ ಕೇಳಿಸಬಾರದು ಅಂತ ದನಿ ಕೂಡ ತಗ್ಗಿಸಲಿಲ್ಲ.

ಅವರಲ್ಲಿ ಒಬ್ಬರೇ ಹೆಂಗಸು. ತಾಯಿಯ ಹಾಗೆ ಮೆತ್ತಗೆ ಮಾತಾಡುವವರು. ಅವರು ಕೇಳಿದರು, "ಈಗ ಇಲ್ಲ, ಸರಿ. ಇದು ಮೂರು ವರ್ಷದ ಯೋಜನೆ ಕಣಮ್ಮಾ. ಅಷ್ಟರಲ್ಲಿ ಮತ್ತೆ ಆಗಲ್ಲ ಅಂತ ಬರೆದುಕೊಡ್ತೀಯಾ?"

ನಾನು ಬರೆದುಕೊಡ್ತೀನಿ ಅಂದೆ ಅಕ್ಕ. ಪೆನ್ನು ಕೂಡ ತೆಗೆದೆ.

ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯೋ, ಮಾತಿಗೆ ಕೇಳಿದ್ದು ಅಂದರು ಆ ಮೇಡಂ. ಮನಸ್ಸು ತುಂಬಾ ಕುಗ್ಗಿದೆ, ಸುಧಾರಿಸಿಕೊಂಡು ಮುಂದಿನ ವರ್ಷ ಹಾಕಿ ಅಂದರು ಅಧ್ಯಕ್ಷರು. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತೆ ಅಂದೆ. ನಕ್ಷೆ ಎಳೆದುಕೊಂಡಿದ್ದವರು ಅದನ್ನು ಮಡಿಸಿ ವಾಪಸು ಕೊಟ್ಟರು. ಹೋದ ವಾರ ಉತ್ತರ ಬಂತು. ಯೋಜನೆ ಒಳ್ಳೆಯದು, ಅಭ್ಯರ್ಥಿಯ ಮನಸ್ಥಿತಿ ದೀರ್ಘ ಕೆಲಸಕ್ಕೆ ತಕ್ಕುದಾಗಿ ಕಾಣಲಿಲ್ಲ ಅಂತ.

ಇವರು ಬಂದ ದಿನ ಊಟಕ್ಕೆ ಬಡಿಸುತ್ತ ಎಲ್ಲ ಹೇಳಿದೆ. ಅನುದಾನದಿಂದ ಶುರು ಮಾಡಿ ಮಗುವಿಗೆ ಬಂದೆ. ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು, "ಯಾವ ಮಗು?" ಅಂದರು. ಪಾಪ, ಬಂದದ್ದನ್ನೂ ಹೋದದ್ದನ್ನೂ ಒಟ್ಟಿಗೇ ಕೇಳಬೇಕಾಯಿತು. ಬೈದಿದ್ದರೆ ವಾಸಿಯಿತ್ತು. ಎದ್ದು ಕೈ ತೊಳೆದು ಹೊರಗೆ ಹೋದರು. ಈಗ ಮಾತಾಡುವುದೆಲ್ಲ ನಲ್ಲಿ ಸೋರುತ್ತಿದೆ, ಹಾಲು ಬಂತು, ಇಂಥದ್ದು.

ಲಾಂಡ್ರಿಯವರಿಗೆ ಶೆಡ್ಡು ಬೇಕಂತೆ. ಅವರನ್ನೇನೂ ಅನ್ನುವ ಹಾಗಿಲ್ಲ, ಇಷ್ಟು ದಿನ ಇಟ್ಟುಕೊಂಡದ್ದೇ ಹೆಚ್ಚು. ಶುಕ್ರವಾರ ಡ್ರಮ್ಮು ಬಿಚ್ಚಿದೆವು. ಕರೆಂಟು ತೆಗೆದು ಎಷ್ಟೋ ದಿನ ಆಗಿದ್ದರೂ ನಡುವಿನ ಮರಳು ಕೈ ಇಡುವ ಹಾಗಿರಲಿಲ್ಲ. ಪಕ್ಕದಲ್ಲಿ ಮನೆ ಕಟ್ಟುತ್ತಿರುವ ಗಾರೆಯವರು ಬಂದು, ಆರಿದ ಮೇಲೆ ಒಯ್ಯುತ್ತೇವೆ ಅಂತ ಹೇಳಿಹೋದರು. ನನಗೆ ಬೇರೆ ಕೆಲಸ ಹುಡುಕಬೇಕು. ಪಾಠ ಹೇಳುವ ಕೆಲಸ ಒಂದು ಇದೆಯಂತೆ.

ಮಗಳಿಗೆ ಚಿಕ್ಕಮ್ಮನ ಮುದ್ದು, ಆಶೀರ್ವಾದ. ಚೆನ್ನಾಗಿ ಓದಲಿ. ಭಾವನಿಗೆ ನಮಸ್ಕಾರ ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಗುಬ್ಬಿ

ಮರೆತ ಮಾತು: ಕಮಿಟಿಯವರಿಗೆ ನಾನು ಬಸಿರಾಗಿದ್ದ ವಿಷಯ ಗೊತ್ತಾದದ್ದು ಹೇಗೆ ಅಂತ ನಾನು ಕೇಳಲಿಲ್ಲ. ಆ ಮೇಡಮ್ಮೇ ವರಾಂಡದವರೆಗೂ ಬಂದು, ಭುಜ ತಟ್ಟಿ ಹೇಳಿದರು. ಭಾವ ಈ ಅನುದಾನ ಕೊಡುವ ಇಲಾಖೆಯವರೇ ಅಲ್ಲವೇ, ನನ್ನ ಪರವಾಗಿ ಒಂದು ಮಾತೂ ಆಡಬಾರದು ಅಂತ ನಾನು ಆಣೆ ಹಾಕಿಸಿದ್ದೆ. ಆಣೆ ಉಳಿಸಿಕೊಂಡರು. "ಅವಳಿಗೆ ಈ ಹೊತ್ತಿನಲ್ಲಿ ಇಂಥ ಭಾರ ಬೇಡ, ಈ ಸಲ ಹೇಗಾದರೂ ಕೈಬಿಡಿ, ಅವಳ ಅಕ್ಕ ನನ್ನ ಹತ್ತಿರ ಅತ್ತು ಕೇಳಿಕೊಂಡಿದ್ದಾಳೆ" ಅಂತಷ್ಟೇ ಕಮಿಟಿಯವರಿಗೆ ಅಂದರಂತೆ. ಇಂಥ ಅಕ್ಕ ಸಿಗೋಕೆ ಪುಣ್ಯ ಮಾಡಿರಬೇಕು ಅಂತ ಮೇಡಂ ಹೇಳಿ ಒಳಗೆ ಹೋದರು. ನಾನು ಇವರಿಗಿಂತ ಮೊದಲು ನಿನಗೆ ಹೇಳಿದ್ದೆ ಅಕ್ಕ. ನಿನಗೊಬ್ಬಳಿಗೇ ಹೇಳಿದ್ದೆ.