ಟೀವಿಯಲ್ಲಿ ಬಂದ ಅತ್ತೆ

ಲಕ್ಷ್ಮೀ ನಗರ, ನಾಗಪುರ
ಭಾನುವಾರ

ತುಳಸಾ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ನನ್ನ ಮರ್ಯಾದೆ ತೆಗೆಯುವುದನ್ನು ಬಿಟ್ಟಿಲ್ಲ. ಇಂದು ಮಧ್ಯಾಹ್ನ ಟೀವಿಯಲ್ಲಿ ನಿನ್ನ ಸಿನಿಮಾ ಬಂತು. ಇಪ್ಪತ್ತು ವರ್ಷ ಕಂಪನಿ ನಾಟಕ, ಆಮೇಲೆ ಸಿನಿಮಾದಲ್ಲಿ ಬರೀ ಗಯ್ಯಾಳಿ ಅತ್ತೆ. ಇದಕ್ಕಾಗಿಯೇ ಮನೆ ಬಿಟ್ಟೆಯಾ? ನೀನು ನನ್ನ ತಂಗಿಯೆಂದು ಇಲ್ಲಿ ಯಾರಿಗೂ ಹೇಳಿಲ್ಲ.

ಸಿನಿಮಾದ ಸೊಸೆಯನ್ನು ಹೊರಹಾಕುವಾಗ ನೀನು ಸೆರಗು ಸಿಕ್ಕಿಸಿದ್ದು, ಬೀಗದ ಕೈಗೊಂಚಲನ್ನು ಬಾಗಿಲಿಗೆ ಬಡಿದದ್ದು, "ಹೋದಾಕಿ ಹೊಳ್ಳಿ ಬರಬ್ಯಾಡ" ಅಂದದ್ದು, ಎಲ್ಲ ನನ್ನದೇ. ನೀನು ಕಂಪನಿ ಸೇರಲು ಹೊರಟ ದಿನ ನಾನು ಮಾಡಿದ್ದೂ ಆಡಿದ್ದೂ ಇದೇ.

"ಅತ್ತೀ, ಈಕಿ ಬರೋಬರ್ ನಿಮ್ಮಂಗ ಅದಾಳ್ರಿ!" ಎಂದು ನನ್ನ ಸೊಸೆ ನಕ್ಕಳು. ಪಕ್ಕದ ಮನೆಯ ಕುಂದಾತಾಯಿಯೂ ನಕ್ಕರು.

"ಬಾಯಿ ಮುಚ್ಚಿ ನೋಡ್ರಿ" ಎಂದು ಗದರಿದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು ನೀನು. ಬಾಗಿಲು ಹಾಕಿಕೊಂಡ ಮೇಲೂ ನೀನು, ಸೊಸೆಯಾದ ಆ ಹುಡುಗಿ ಓಣಿ ದಾಟುವವರೆಗೂ ಕಿಟಕಿಯ ಸಂದಿಯಿಂದ ನೋಡುತ್ತ ನಿಂತೆ. ನಾನು ಎದ್ದು ಟೀವಿ ಆರಿಸಿಬಿಟ್ಟೆ. ಎಲ್ಲರೂ ಗೊಣಗುತ್ತ ಎದ್ದು ಹೋದರು.

ಅವತ್ತು ಮನೆ ಬಿಟ್ಟು ಹೋಗುವಾಗ ನೀನು ಒಮ್ಮೆಯೂ ತಿರುಗಿ ನೋಡಿರಲಿಲ್ಲವಲ್ಲ. ಹಾಗಿದ್ದರೆ ನಮ್ಮ ಮನೆಯ ಆ ಕಿಟಕಿಯ ವಿಷಯ ನಿನಗೆ ಯಾರು ಹೇಳಿದರು?

ಅಕ್ಕ