ಅಕ್ಕಯಮ್ಮನ ದೆವ್ವ

ಸೊಣ್ಣಪ್ಪ,

ಆಗಾಗ ತಲೆ ಸುತ್ತಿ ಬೀಳುತ್ತಿದ್ದ ನನ್ನ ತಂಗಿ ಅಕ್ಕಯಮ್ಮನಿಗೆ ದೆವ್ವ ಹಿಡಿದಿದೆ ಎಂಬ ಕಥೆಯನ್ನು ಮೊದಲು ಹೇಳಿದವನು ನೀನು, ಹೋದ ಯುಗಾದಿಯಂದು. ಗೆಳೆಯನ ಮಾತೆಂದು ನಾನೂ ನಂಬಿದೆ. ಅವಳ ಮದುವೆ ಮುರಿಯಿತು. ಅದೇ ಗಂಡಿಗೆ ನಿನ್ನ ತಂಗಿಯನ್ನು ಕೊಟ್ಟು ನೀನು ಊರು ಬಿಟ್ಟೆ.

ದೆವ್ವಕ್ಕೆ ಹೆದರಿ ಹೆಂಗಸರು ದೂರವಿಟ್ಟಿದ್ದರಿಂದ, ನಿನ್ನೆ ದೂರದ ಒಲೆಯಲ್ಲಿ ಒಬ್ಬಳೇ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುತ್ತಿದ್ದ ಅಕ್ಕಯಮ್ಮ ಎದ್ದೊಡನೆ ಮತ್ತೆ ಬಿದ್ದಳು. ವಿಜಯಪುರದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು.

"ರಕ್ತದ ಒತ್ತಡ ಕಮ್ಮಿ ಕಣಮ್ಮ. ಬರೀ ಕಮ್ಮಿಯಿದ್ರೆ ಭಯವಿಲ್ಲ, ಹಿಂಗೆ ಬೀಳ್ತಿದ್ರೆ ತೋರಿಸ್ಬೇಕು. ನೀರು ಕುಡಿ, ನಿಧಾನಕ್ಕೆ ಏಳು."

ಸಂಜೆ ನೂಲಿನ ಹೆಂಗಸರಿಗೆ ಇದನ್ನೇ ಕಥೆಯಾಗಿ ಹೇಳಿದೆ. "ಥೂ, ಸೊಣ್ಣಪ್ಪನ ದೆವ್ವ ಇಷ್ಟೇನಾ!" ಎಂದಳು ಅವರಲ್ಲೊಬ್ಬಳಾದ ದ್ಯಾವಮ್ಮ.

ಈ ಬೆಳಿಗ್ಗೆ ಅವರೇ ಬಂದು ಅಕ್ಕಯಮ್ಮನನ್ನು ಕರೆದೊಯ್ದು ತಮ್ಮ ನಡುವೆ ಕೂರಿಸಿಕೊಂಡರು. ನಿನ್ನ ತಾಯಿ ಅಲ್ಲಿಗೆ ನೀರಿಗೆ ಬಂದಾಗ ಯಾರೂ ಮಾತಾಡಿಸಲಿಲ್ಲ. ಅಕ್ಕಯಮ್ಮನೇ ನಿಧಾನವಾಗಿ ಎದ್ದು ಕೊಡ ಎತ್ತಿಕೊಟ್ಟಳು.